ಮುಕ್ತಾವಳಿಯ ಎಣಿಕೆ



ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಆ ನಾಡನ್ನಾಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಅದರಲ್ಲಿ ಬರುವ ಒಂದು ಸಂಖ್ಯೆ 12345654321. ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ ಇದನ್ನು ಯಾವ ತುದಿಯಿಂದ ಓದಿದರೂ ಒಂದೇ. ಇದು 111111ರ ವರ್ಗ. ಅಂಕಗಳ ಮೊತ್ತವಾದ 36 ಆರರ ವರ್ಗ.

ಬೃಹತ್ ಮುಕ್ತಾವಳಿ ವ್ರತವೂ ಇಂತಹ ಹಾರವೇ. 1, 2, 3, 4, 5, 4, 3, 2, 1 ಎಂಬ ಕ್ರಮದಲ್ಲಿ ಉಪವಾಸಗಳು 25, ಐದರ ವರ್ಗ, ಪಾರಣೆಗಳು 9, ಒಟ್ಟು 34 ದಿನ.

ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳ ಶ್ರಾವಕರ ಮನೆಗಳಲ್ಲಿ "ನಮ್ಮ ಉಪವಾಸ ಇಷ್ಟಾದವು" ಎಂಬ ಮಾತು ಬಂದಾಗ, ದೇಹಬಲ ಕುಂದಿದ ಹಿರಿಯರು ತಲೆ ತಗ್ಗಿಸುವಂತಾಗಬಾರದು. ಆಗಮವು ಸಂಖ್ಯೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಭಾಗಿಸಿದೆ. ಸಂಖ್ಯಾತದ ಆರಂಭ ಎರಡರಿಂದ. 1234 ಕೋಟಿಯನ್ನು ಮೀರಿದ ಆಚಾರ್ಯರ ಆ ಸಂಖ್ಯೆಯೂ ಮಧ್ಯಮ ಸಂಖ್ಯಾತವೇ. ನಮ್ಮ 25 ಕೂಡ ಅದೇ. ನಿರ್ಜರೆಯಾದರೋ ಸಮ್ಯಗ್ದೃಷ್ಟಿ, ಶ್ರಾವಕ, ವಿರತ ಎಂದು ಪರಿಣಾಮವಿಶುದ್ಧಿ ಏರಿದಂತೆ ಅಸಂಖ್ಯಾತಗುಣವಾಗಿ ಹೆಚ್ಚುವುದೆಂದು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯ ಸಾರುತ್ತದೆ.

ಹಾಗೆಂದು ಎಣಿಕೆ ವ್ಯರ್ಥವಲ್ಲ. ವ್ರತ ಚೆದುರದಂತೆ ಹಿಡಿಯುವ ದಾರ ಅದು. ದಾರವನ್ನೇ ಮುತ್ತೆಂದು ಮೆರೆಯುವುದು ಮಾನಕಷಾಯ, ಕಷಾಯವಿದ್ದಲ್ಲಿ ಬಂಧ. ಬಲವುಳ್ಳವರು 25 ಉಪವಾಸಗಳನ್ನು ಪೂರೈಸಲಿ. ಬಲವಿಲ್ಲದವರು ಶಾಂತಭಾವದಿಂದ ಏಕಾಶನವನ್ನಾದರೂ ಮಾಡಲಿ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದಲ್ಲವೇ?