ಯಾತಕ್ಕೆ ಎಂದು ಕೇಳುವುದು

ಗಾಗಲ್ಸ್ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತೇನೆ. ಮೈ ಕುರ್ಚಿಯಲ್ಲೇ ಇರುತ್ತದೆ, ಕಣ್ಣು ಮಾತ್ರ ನೀಲಗಿರಿ ತೋಪಿನೊಳಗೆ ನುಗ್ಗುತ್ತಿರುತ್ತದೆ. ಡ್ರೋನಿನ ಮೂತಿಗೆ ಕಟ್ಟಿದ ಕ್ಯಾಮೆರಾ ಕಂಡದ್ದನ್ನೇ ನಾನೂ ಕಾಣುತ್ತೇನೆ. ಇದಕ್ಕೆ ಎಫ್‌ಪಿವಿ ಎಂದು ಹೆಸರು. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಉತ್ತಮ ಪುರುಷನ ನೋಟ.

ಮೋಟಾರು, ಬ್ಯಾಟರಿಗೆ ನಾನು ದುಡ್ಡು ಕೊಟ್ಟಿದ್ದೇನೆ. ಆದರೆ ಅದನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವ ಬುದ್ಧಿ ಪುಕ್ಕಟೆಯಾಗಿ ಸಿಕ್ಕಿದ್ದು. 2010ರ ಸುಮಾರಿಗೆ ಕೆಲವು ಹವ್ಯಾಸಿಗಳು ನಿಂಟೆಂಡೊ ವೀ ಆಟಿಕೆಯ ಸೆನ್ಸರ್‌ಗಳನ್ನು ಬಿಚ್ಚಿ ತೆಗೆದು, ಅವುಗಳಿಂದ ಡ್ರೋನಿನ ಸಮತೋಲ ಕಾಯುವ ತಂತ್ರಾಂಶ ಬರೆದರು. ಅದೇ ಮಲ್ಟಿವೀ. ಅದರಿಂದ ಬೇಸ್‌ಫ್ಲೈಟ್, ಆಮೇಲೆ ಕ್ಲೀನ್‌ಫ್ಲೈಟ್, ಅದರಿಂದ ಬೀಟಾಫ್ಲೈಟ್. ಮುಖ ನೋಡದ ಜನ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತ ಬಂದರು. ಇದನ್ನು ಯಾರಾದರೂ, ಯಾವ ಉದ್ದೇಶಕ್ಕಾದರೂ ಬಳಸಬಹುದು ಎನ್ನುತ್ತದೆ ಅದರ ಪರವಾನಗಿ. ಈ ಧಾರಾಳತನಕ್ಕೆ ನಾನು ಮನಸೋತಿದ್ದೆ. ನನಗೆ ಗೊತ್ತಿದ್ದಷ್ಟನ್ನು ನಾನೂ ಕೇಳಿದವರಿಗೆಲ್ಲ ಹೇಳಿಕೊಟ್ಟೆ.

ಆಮೇಲೆ ಉಕ್ರೇನ್ ಯುದ್ಧದ ವಿಡಿಯೊಗಳು ಬರತೊಡಗಿದವು. ನನ್ನ ಮೇಜಿನ ಮೇಲಿರುವಂಥದೇ ಚೌಕಟ್ಟು, ನಾಲ್ಕು ರೆಕ್ಕೆ, ಹೊಟ್ಟೆಗೆ ಕಟ್ಟಿದ ಸಿಡಿಮದ್ದು. ಪರದೆಯ ಮೂಲೆಯಲ್ಲಿ ಬ್ಯಾಟರಿಯ ವೋಲ್ಟೇಜ್ ತೋರಿಸುವ ಅಂಕಿಗಳ ಆಕಾರ ಕೂಡ ನನಗೆ ಪರಿಚಿತ. ಓಡುವ ಮನುಷ್ಯನೊಬ್ಬ ತಿರುಗಿ ನೋಡುತ್ತಾನೆ, ಪರದೆ ಕಪ್ಪಾಗುತ್ತದೆ. ಎರಡೂ ಕಡೆಯವರು ಇದನ್ನೇ ಬಳಸುತ್ತಿದ್ದಾರೆ. ಮನೆ ಕಾಯುವವನಿಗೂ ಮನೆ ಮುರಿಯುವವನಿಗೂ ಈ ದಾನ ಒಂದೇ ಸಮ ದಕ್ಕಿದೆ.

ಕಮ್ಮಾರ ಕುಡುಗೋಲು ಮಾಡಿದ, ಯಾರೋ ಕತ್ತು ಕೊಯ್ದರೆ ಅವನೇನು ಮಾಡಿಯಾನು ಎಂದು ಗೆಳೆಯರು ಸಮಾಧಾನ ಹೇಳಿದರು. ಆದರೆ ಊರಿನ ಕಮ್ಮಾರನಿಗೆ ಕೊಂಡವನ ಮುಖ ಗೊತ್ತಿರುತ್ತದೆ. ಕೊಯ್ಲಿಲ್ಲದ ಕಾಲದಲ್ಲಿ ಕುಡುಗೋಲು ಮಸೆಯಲು ಬಂದವನನ್ನು ಆತ ಯಾತಕ್ಕಪ್ಪಾ ಎಂದು ಕೇಳಿಯಾನು. ಜಗತ್ತಿಗೇ ಕೊಟ್ಟವನಿಗೆ ಆ ಪ್ರಶ್ನೆ ಕೇಳುವ ಅವಕಾಶವಿಲ್ಲ. ಹಾಗೆಂದು ಕೊಡದೆ ಇರಬೇಕಿತ್ತೇ? ಕೊಡದಿದ್ದರೆ ಈ ವಿದ್ಯೆ ದುಡ್ಡಿದ್ದವರ ಮತ್ತು ಸೈನ್ಯಗಳ ಕೈಯಲ್ಲಷ್ಟೇ ಉಳಿಯುತ್ತಿತ್ತು. ನನ್ನಂಥವನು ಆ ತೋಪಿನಲ್ಲಿ ಹಾರುತ್ತಲೇ ಇರಲಿಲ್ಲ.

ಕಳೆದ ತಿಂಗಳು ಮೈದಾನಕ್ಕೆ ಕಾಲೇಜು ಹುಡುಗನೊಬ್ಬ ಬಂದ. ಅರ್ಧ ಕೆಜಿ ಹೊತ್ತುಕೊಂಡು ಹೋಗಿ ಬೇಕಾದ ಕಡೆ ಬೀಳಿಸುವುದು ಹೇಗೆ ಎಂದು ಕೇಳಿದ. ಯಾತಕ್ಕೆ ಎಂದೆ. ಇಷ್ಟು ವರ್ಷಗಳಲ್ಲಿ ಯಾರನ್ನೂ ಹಾಗೆ ಕೇಳಿರಲಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ಅವನ ಮುಖ ಸಣ್ಣದಾಯಿತು. "ಬೀಜದುಂಡೆ ಸಾರ್, ಬೋಳುಗುಡ್ಡಕ್ಕೆ" ಎಂದ. ನನಗೆ ನಾಚಿಕೆಯಾಯಿತು. ಆದರೂ ಕೇಳಿದ್ದು ತಪ್ಪೆಂದು ಅನಿಸಲಿಲ್ಲ.

ನನ್ನ ಪ್ರಶ್ನೆಯಿಂದ ಯಾವ ಯುದ್ಧವೂ ನಿಲ್ಲುವುದಿಲ್ಲ. ಸುಳ್ಳು ಹೇಳುವವನು ಹೇಳಿಯೇ ಹೇಳುತ್ತಾನೆ. ಆದರೆ ಕೇಳುವಾಗ ಅಲ್ಲಿ ಇಲ್ಲದ ಮೂರನೆಯವನೊಬ್ಬನನ್ನು ನೆನೆಯುತ್ತೇವೆ, ಡ್ರೋನಿನ ಕೆಳಗೆ ನಿಂತವನನ್ನು. ನಮ್ಮ ವ್ಯಾಕರಣ ಎದುರಿಗಿಲ್ಲದ ಆ ಮೂರನೆಯವನನ್ನೇ ಪ್ರಥಮ ಪುರುಷ ಎಂದು ಕರೆಯುತ್ತದೆ.

ಹುಡುಗನಿಗೆ ಎಲ್ಲವನ್ನೂ ಹೇಳಿಕೊಟ್ಟೆ. ಹೊರಡುವಾಗ ಒಂದು ಮಾತು ಸೇರಿಸಿದೆ: ನಾಳೆ ನಿನ್ನನ್ನು ಯಾರಾದರೂ ಕೇಳಿಕೊಂಡು ಬಂದರೆ, ಕಲಿಸು. ಮೊದಲು ಯಾತಕ್ಕೆ ಎಂದು ಕೇಳು.