ಭಾರ ಇಳಿದ ಮೇಲೆ

ಬೀದರಿನ ಗಾಂಧಿ ಗಂಜದಲ್ಲಿ ತೊಗರಿ ಚೀಲ ಇಳಿಸಿದ ಹಮಾಲ ತಟ್ಟನೆ ನೆಟ್ಟಗಾಗುವುದಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಏಳುತ್ತಾನೆ.

ನೆಲವೂ ಹಾಗೆಯೇ. ಭೂಮಿಯ ಕಕ್ಷೆ, ಅಕ್ಷದ ಓರೆ ಬದಲಾದಂತೆ ಹಿಮಯುಗಗಳು ಬಂದುಹೋಗುತ್ತವೆ. ಸುಮಾರು 20,000 ವರ್ಷಗಳ ಹಿಂದೆ ಉತ್ತರ ಯುರೋಪಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಕೂತಿತ್ತು. ಅದು ಕರಗಿ ಹತ್ತಿರ ಹತ್ತಿರ 10,000 ವರ್ಷವಾಯಿತು. ಅದುಮಿಹೋಗಿದ್ದ ಸ್ವೀಡನ್ನಿನ ಉತ್ತರ ಕರಾವಳಿ ಇಂದಿಗೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಮೇಲೇಳುತ್ತಿದೆ.

ಹಿಮ ಬೇಕೆಂದು ಯಾರ ಮೇಲೂ ಕೂರಲಿಲ್ಲ, ಅದಕ್ಕೆ ಹೊಣೆಯಿಲ್ಲ. ಮನುಷ್ಯ ಹೊರಿಸಿದ ಭಾರದ ಮಾತು ಬೇರೆ. 1976ರ ಕಾನೂನು ಜೀತವನ್ನು ರದ್ದು ಮಾಡಿತಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಭಾರ ಇಳಿಸಿದ ದಿನವೇ ಲೆಕ್ಕ ಮುಗಿಸುವುದು ಹೊರಿಸಿದವರಿಗೆ ಅನುಕೂಲ. ಹೊತ್ತವರ ಬೆನ್ನು ನೆಟ್ಟಗಾಗುವವರೆಗೂ ಆ ಖಾತೆ ತೆರೆದೇ ಇರಬೇಕು.