ಹಾಡು, ಉಸಿರು ಮತ್ತು ಆಯುಷ್ಯ

ಹಾಡುವವನ ದೇಹ ಹಗುರಾಗುವುದೆಂಬುದೂ ಮನಸ್ಸು ತಿಳಿಯಾಗುವುದೆಂಬುದೂ ಅನುಭವದ ಮಾತು. ಆದರೆ ಆರೋಗ್ಯ ಬೇಕೆಂದು ಹಾಡಬೇಕೋ, ಹಾಡಿದವನಿಗೆ ಆರೋಗ್ಯವು ತಾನಾಗಿ ಒದಗಬೇಕೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಇದಕ್ಕೆ ದಾರಿ ತೋರಿದ್ದಾರೆ. ಶಿವನು ನಾದಕ್ಕೆ ಮರುಳಾಗುವನು, ವೇದಕ್ಕೆ ಮರುಳಾಗುವನು ಎಂಬ ಲೋಕದ ನಂಬಿಕೆಯನ್ನು ಅವರು ಒಂದು ವಚನದಲ್ಲಿ ಒರೆಗೆ ಹಚ್ಚುತ್ತಾರೆ. ನಾದದಲ್ಲಿ ನಿಪುಣನಾದ ರಾವಣನಿಗೆ ಉಳಿದುದು ಅರ್ಧ ಆಯುಷ್ಯ. ವೇದವನ್ನು ಬಲ್ಲ ಬ್ರಹ್ಮನು ಕಳೆದುಕೊಂಡುದು ಶಿರಸ್ಸನ್ನು. ಶಿವನು ಮೆಚ್ಚುವುದು ಭಕ್ತಿಯನ್ನೇ ಹೊರತು ಮತ್ತೇನನ್ನೂ ಅಲ್ಲವೆಂಬುದು ಅಲ್ಲಿಯ ತೀರ್ಮಾನ.

ಹಾಗಾದರೆ ಶರಣರು ಹಾಡನ್ನು ತಳ್ಳಿಹಾಕಿದರೇ? ಇಲ್ಲ. ಅದೇ ಬಸವಣ್ಣನವರು ಇನ್ನೊಂದು ವಚನದಲ್ಲಿ ತಮ್ಮ ಶರೀರವನ್ನೇ ವೀಣೆಯಾಗಿಸಿ ನುಡಿಸಿಕೊಳ್ಳಬೇಕೆಂದು ಕೂಡಲಸಂಗಮದೇವನನ್ನು ಬೇಡಿಕೊಂಡಿದ್ದಾರೆ. ಲಿಂಗವು ನೆಲೆಸಿದ ದೇಹವೇ ವಾದ್ಯವಾದರೆ, ಆ ವಾದ್ಯವನ್ನು ಸುಸ್ಥಿತಿಯಲ್ಲಿಡುವುದೂ ಪೂಜೆಯ ಅಂಗವೇ ಆಗುತ್ತದೆ. ಸಡಿಲವಾದ ತಂತಿಯಿಂದ ಸ್ವರ ಹೊರಡುವುದುಂಟೆ?

ಹಾಡುವಾಗ ದೇಹದಲ್ಲಿ ನಡೆಯುವುದೇನೆಂಬುದನ್ನು ಇಂದಿನ ವೈದ್ಯಶಾಸ್ತ್ರವು ಸ್ವಲ್ಪಮಟ್ಟಿಗೆ ಬಿಡಿಸಿ ಹೇಳಿದೆ. ಹಾಡುವವನು ಉಸಿರನ್ನು ಬೇಗನೆ ಒಳಗೆಳೆದುಕೊಂಡು ಬಹಳ ಹೊತ್ತು ನಿಧಾನವಾಗಿ ಹೊರಬಿಡುತ್ತಾನೆ. ಎದೆಗೂ ಹೊಟ್ಟೆಗೂ ನಡುವಿನ ವಪೆಯು ಚೆನ್ನಾಗಿ ದುಡಿಯುತ್ತದೆ. ಉಸಿರು ದೀರ್ಘವಾದಂತೆ ಹೃದಯದ ಬಡಿತ ಶಾಂತವಾಗುತ್ತದೆ. ಜಪಮಾಲೆಯ ಪ್ರಾರ್ಥನೆಯನ್ನೂ ಯೋಗಮಂತ್ರವನ್ನೂ ಉಚ್ಚರಿಸುವವರ ಉಸಿರಾಟವು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುವುದೆಂದೂ, ಇದರಿಂದ ಹೃದಯಕ್ಕೆ ಹಿತವಾಗುವುದೆಂದೂ ಇಟಲಿಯ ಸಂಶೋಧಕರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದರು. ಒಟ್ಟಾಗಿ ಹಾಡುವವರ ಹೃದಯಗಳ ಬಡಿತ ಒಂದೇ ಲಯದಲ್ಲಿ ಏರಿ ಇಳಿಯುವುದನ್ನು ಸ್ವೀಡನ್ನಿನ ವಿದ್ವಾಂಸರು 2013ರಲ್ಲಿ ತೋರಿಸಿಕೊಟ್ಟರು. ಶರಣರ ಸಂಗದ ಮಹಿಮೆ ಬಲ್ಲವರಿಗೆ ಇದು ಅಚ್ಚರಿಯಲ್ಲ.

ಈ ಮಾತಿನ ಬೆಲೆ ಚಳ್ಳಕೆರೆ, ಮೊಳಕಾಲ್ಮೂರುಗಳಂತಹ ಸೀಮೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ನಾಡೆಲ್ಲ ಹೆಸರಿದೆ. ಅದನ್ನು ನೇಯುವವನ ಬೆನ್ನಿನ ನೋವು ಸೀರೆಯ ಅಂಚಿನಲ್ಲಿ ಕಾಣುವುದಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತು ದಿನವೆಲ್ಲ ಮುಂದಕ್ಕೆ ಬಾಗಿ ಕೈ, ಕಾಲು, ಕಣ್ಣು ಮೂರನ್ನೂ ಎಳೆಯ ಮೇಲೆ ನಿಲ್ಲಿಸುವವನ ಎದೆ ಕುಗ್ಗುತ್ತದೆ, ಉಸಿರು ಮೋಟಾಗುತ್ತದೆ. ಎಣ್ಣೆಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ ಶೇಂಗಾ ಬಿತ್ತಿದ ರೈತನು ಮುಗಿಲು ನೋಡುತ್ತ ಚಿಂತೆಯಿಂದಲೇ ಉಸಿರು ಬಿಗಿಹಿಡಿಯುತ್ತಾನೆ. ಇಂತಹವರಿಗೆ ಸಂಜೆಯ ಹಾಡು ಬರಿಯ ಮನೋರಂಜನೆಯಲ್ಲ. ದಿನವೆಲ್ಲ ಕಟ್ಟಿಕೊಂಡ ಉಸಿರನ್ನು ಬಿಚ್ಚುವ ಸಾಧನ.

ಹಿಂದೆ ಹಾಡಿಗೆ ಬೇರೆ ಹೊತ್ತು ಬೇಕಾಗಿರಲಿಲ್ಲ. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತ ತಾಯಿ ಕಲ್ಲಿನ ಸುತ್ತಿಗೆ ಸರಿಯಾಗಿ ಹಾಡುತ್ತಿದ್ದಳು. ಈಗ ಹಿಟ್ಟಿನ ಗಿರಣಿ ಆ ಶ್ರಮವನ್ನು ಕಳೆದಿದೆ. ಕಲ್ಲು ಮೂಲೆ ಸೇರಿದುದಕ್ಕೆ ಯಾರೂ ಮರುಗಬೇಕಾಗಿಲ್ಲ. ಅದರೊಡನೆ ಹಾಡೂ ಮೂಲೆ ಸೇರಿದುದಕ್ಕೆ ಮರುಗಬೇಕು. ಹಾಡು ಈಗ ಯಂತ್ರದಿಂದ ಕೇಳುವ ವಸ್ತುವಾಗಿದೆ. ಕೇಳುವುದೂ ಒಳ್ಳೆಯದೇ. ಆದರೆ ಉಂಡವನನ್ನು ನೋಡಿದವನ ಹಸಿವು ಹಿಂಗುವುದಿಲ್ಲವಷ್ಟೆ!

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಓದುಬರಹ ಕಲಿತವರಲ್ಲ. ಆದರೂ ಸಾವಿರಾರು ಹಾಡುಗಳು ಅವರ ನೆನಪಿನಲ್ಲಿ ಮುಪ್ಪಿನವರೆಗೂ ಹಸಿರಾಗಿದ್ದವು. ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವರು ಅವುಗಳನ್ನು ಕೇಳಿ ಸಂಗ್ರಹಿಸಿದರು. ಬಡತನದ ಬಾಳಿನಲ್ಲಿ ಆ ತಾಯಿಯ ಮನಸ್ಸನ್ನು ಬಾಡಗೊಡದೆ ಕಾಯ್ದ ಭಾಗ್ಯವೆಂದರೆ ಹಾಡೇ ಅಲ್ಲವೆ? ಅವರು ಅದನ್ನು ತಮ್ಮಲ್ಲಿಯೇ ಮುಚ್ಚಿಟ್ಟುಕೊಳ್ಳಲಿಲ್ಲ, ಕೇಳಬಂದವರಿಗೆ ಹಾಡಿಕೊಟ್ಟರು.

ಇದೇ ತತ್ತ್ವವನ್ನು ವೀರಶೈವ ಪರಂಪರೆಯಲ್ಲಿ ಗದುಗಿನ ಗವಾಯಿಗಳು ಬಾಳಿ ತೋರಿಸಿದರು. ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರ ಸ್ವಾಮಿಗಳು ಆಶ್ರಯವಿತ್ತು ಸಂಗೀತ ಕಲಿಸಿದರು. ಅವರೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ಸ್ವರ ಕಲಿಸಿದರು. ಗುರುಗಳು 1892ರಲ್ಲಿ ಹುಟ್ಟಿ 1944ರಲ್ಲಿ ಲಿಂಗೈಕ್ಯರಾದರು. ಶಿಷ್ಯರು 1914ರಿಂದ 2010ರವರೆಗೆ ಬಾಳಿದರು. ಒಬ್ಬರದು 52 ವರ್ಷ, ಇನ್ನೊಬ್ಬರದು 96 ವರ್ಷ. ಯಾರ ಆಯುಷ್ಯವನ್ನು ಅರ್ಧವೆನ್ನಬೇಕು? ಪರರಿಗೆ ಒದಗಿದ ಬಾಳು ಎಷ್ಟು ವರ್ಷದ್ದಾದರೂ ಪೂರ್ಣವೇ. ರಾವಣನ ಅರ್ಧ ಆಯುಷ್ಯದ ಮರ್ಮವನ್ನು ಇಲ್ಲಿ ಅರಿಯಬೇಕು. ತನಗೊಂದು ವರ ಸಿಗಲೆಂದು ಹಾಡಿದವನ ಹಾಡು ವ್ಯಾಪಾರವಾಗುತ್ತದೆ. ಹಂಚಿದವನ ಹಾಡು ದಾಸೋಹವಾಗುತ್ತದೆ.

ಆದಕಾರಣ ಸದ್ಭಕ್ತರು ಮನೆಯಲ್ಲಿ ನಿತ್ಯವೂ ಹಾಡಿಗೆ ಕಾಲು ಗಂಟೆಯಷ್ಟಾದರೂ ಮೀಸಲಿಡಬೇಕು. ಮಗ್ಗ ನಿಂತು, ದೀಪ ಹಚ್ಚಿ, ಲಿಂಗಪೂಜೆ ಮುಗಿದ ಮೇಲೆ ಹಿರಿಯರು ಕಿರಿಯರೆಲ್ಲ ಕೂಡಿ ಕುಳಿತು ಎರಡು ಮೂರು ವಚನಗಳನ್ನು ನಿಧಾನವಾಗಿ ಹಾಡಲಿ. ಬೆನ್ನು ನೇರವಾಗಿರಲಿ, ಗಂಟಲು ಹರಿಯುವಂತೆ ಕೂಗುವುದು ಬೇಡ. ರಾಗ ತಪ್ಪಿದರೆ ನಾಚಬೇಕಾಗಿಲ್ಲ. ತಾಳದ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಸೊಸೆಯ ದನಿಯನ್ನು ಅತ್ತೆ, ಮಗನ ದನಿಯನ್ನು ತಂದೆ ಹತ್ತಿಕ್ಕದಿರಲಿ. ಒಂಟಿಯಾಗಿರುವ ನೆರೆಯ ಮುದುಕರನ್ನು ಕರೆದು ಕೂರಿಸಿಕೊಳ್ಳಲಿ. ದಮ್ಮು, ರಕ್ತದೊತ್ತಡ ಮುಂತಾದ ರೋಗವಿರುವವರು ಹಾಡಿನ ಭರವಸೆಯಿಂದ ಔಷಧವನ್ನು ಬಿಡಬಾರದು. ಹಾಡು ವೈದ್ಯನಿಗೆ ನೆರವು, ವೈದ್ಯನ ಬದಲಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿ ಬಯಲುಸೀಮೆಯ ಜನರಿಗೆ ನೀರಾದರೆಂದು ಈ ಭಾಗದ ಭಕ್ತರು ಇಂದಿಗೂ ನೆನೆಯುತ್ತಾರೆ. ಕೆರೆಯ ನೀರು ಕಟ್ಟಿಸಿದವನೊಬ್ಬನಿಗಾಗಿ ನಿಲ್ಲುವುದಿಲ್ಲ; ಹಾಗೆಂದು ಅವನ ಹೊಲಕ್ಕೆ ಹರಿಯದೆಯೂ ಇರುವುದಿಲ್ಲ. ಹಾಡೂ ಹಾಗೆಯೇ. ಶಿವನಿಗಾಗಿ, ಜೊತೆಯವರಿಗಾಗಿ ಬಿಟ್ಟ ಉಸಿರು ಹಾಡಿದವನ ಎದೆಯನ್ನೂ ತಂಪುಮಾಡಿಯೇ ಹೋಗುತ್ತದೆ. ಬೇಡದೆ ಬಂದ ಆ ಆರೋಗ್ಯವನ್ನು ಪ್ರಸಾದವೆಂದು ಸ್ವೀಕರಿಸುವುದೇ ಭಕ್ತನಿಗೆ ಭೂಷಣ.